ಹಸಿರು ಚುಕ್ಕಿ ಮತ್ತು ಪೇಟೆ ಧಾರಣೆ

ಊರಿಗೆ ಹೋದಾಗಲೆಲ್ಲ ನಮಗೆ ಎದುರಾಗುವ ಮೊದಲ ಪ್ರಶ್ನೆ, "ಈಗ ಯಾವ ಪೇಪರಿನಲ್ಲಿದ್ದೀರಿ?" ಪೇಪರಿನಲ್ಲಿಲ್ಲ, ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಡೆವಲಪರ್ ಅಡ್ವೊಕೇಟ್ ಆಗಿದ್ದೇವೆ ಎಂದರೆ ಮುಂದಿನ ಪ್ರಶ್ನೆ ಇನ್ನೂ ಕಷ್ಟದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ದೀಪಾವಳಿಗೆ ಸಿದ್ದಾಪುರದ ಮನೆಗೆ ಹೋಗಿದ್ದಾಗ ಪಕ್ಕದ ಮನೆಯ ಅಜ್ಜ ಪಹಣಿ, ಹಳೇ ಪಾಲುಪಟ್ಟಿ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಜಗಲಿಗೆ ಬಂದು ಕುಳಿತರು. "ನೀನು ಅಡ್ವೊಕೇಟ್ ಆಗಿದ್ದೀಯಂತಲ್ಲ ತಂಗಿ, ನಂದೊಂದು ಉಯಿಲು ಬರೆಸಬೇಕಿತ್ತು" ಎಂದರು. ನಾನು ವಕೀಲೆ ಅಲ್ಲ ಅಜ್ಜ, ಕಂಪ್ಯೂಟರ್ ಕಂಪನಿಯ ಅಡ್ವೊಕೇಟ್ ಎಂದರೆ, "ಕಂಪ್ಯೂಟರಿಗೂ ಕೋರ್ಟು ಕೇಸು ಇರುತ್ತದಾ?" ಎಂದು ಕೇಳಿ ಚೀಲ ಮಡಚಿಕೊಂಡರು.

ನಾವು ಎಂದರೆ ಇಬ್ಬರು. ಒಬ್ಬಳು ಸಿದ್ದಾಪುರದ ಕಡೆಯವಳು, ಇನ್ನೊಬ್ಬ ಹಾವೇರಿ ಜಿಲ್ಲೆಯವನು. ಗ್ರಾಮೀಣ ಪತ್ರಿಕೋದ್ಯಮವನ್ನು ಒಂದೇ ಬೆಂಚಿನಲ್ಲಿ ಕುಳಿತು ಓದಿದವರು. ಒಬ್ಬರು ಜಿಲ್ಲಾ ಪತ್ರಿಕೆಯೊಂದರಲ್ಲಿ ಎರಡು ವರ್ಷ ದುಡಿದು, ಸಂಬಳ ತಿಂಗಳು ತಪ್ಪತೊಡಗಿದಾಗ ಈ ಕಂಪನಿಗೆ ಕೈಪಿಡಿ ಬರೆಯುವ ಕೆಲಸಕ್ಕೆ ಸೇರಿದೆವು. ವರ್ಷದ ನಂತರ ಇನ್ನೊಬ್ಬರನ್ನೂ ಎಳೆದುಕೊಂಡೆವು. ಯಾರು ಯಾರನ್ನು ಎಳೆದದ್ದು ಎಂಬ ಜಗಳ ಇನ್ನೂ ಮುಗಿದಿಲ್ಲವಾದ್ದರಿಂದ ಇಲ್ಲಿ ಬರೆಯುವುದಿಲ್ಲ. ಕೋಡಿಂಗ್ ಅನ್ನು ಕೆಲಸ ಮಾಡುತ್ತಲೇ ಕಲಿತೆವು. ಈಗಲೂ ಕಂಪನಿಯ ಎಂಜಿನಿಯರುಗಳ ಎದುರು ನಮ್ಮ ಕೋಡ್ ತೋರಿಸುವಾಗ ಮೊದಲ ವರದಿಯನ್ನು ಮುಖ್ಯ ಉಪಸಂಪಾದಕರ ಮೇಜಿನ ಮೇಲಿಟ್ಟು ನಿಂತಂತೆ ಅನಿಸುತ್ತದೆ.

ಕೆಲಸ ಏನೆಂದು ಹೇಳಿಬಿಡುತ್ತೇವೆ. ನಮ್ಮ ಕಂಪನಿ ರಿಯಲ್‌ಟೈಮ್ ವೆಬ್‌ಗೆ ಬೇಕಾದ ಸೇವೆ ಮಾರುತ್ತದೆ. ಚಾಟ್‌ನಲ್ಲಿ ಸಂದೇಶ ತಕ್ಷಣ ಬರುವುದು, ಊಟ ತರುವ ಹುಡುಗನ ಬೈಕು ಮ್ಯಾಪಿನ ಮೇಲೆ ಸರಿಯುವುದು, ಪುಟವನ್ನು ರಿಫ್ರೆಶ್ ಮಾಡದೆಯೇ ಸ್ಕೋರು ಬದಲಾಗುವುದು, ಇವುಗಳ ಹಿಂದೆ ಇರುವಂಥದ್ದು. ಅದನ್ನು ಬಳಸಿ ಆ್ಯಪ್ ಕಟ್ಟುವವರಿಗೆ ಹೇಳಿಕೊಡುವುದು ನಮ್ಮ ಅರ್ಧ ಕೆಲಸ: ಲೇಖನ, ಸ್ಯಾಂಪಲ್ ಕೋಡ್, ಕಾಲೇಜುಗಳಲ್ಲಿ ಕಾರ್ಯಾಗಾರ, ಶನಿವಾರದ ಮೀಟಪ್‌ಗಳಲ್ಲಿ ಭಾಷಣ. ಇನ್ನರ್ಧ, ಹಾಗೆ ಕಟ್ಟುವವರ ಗೋಳನ್ನು ಕೇಳಿಸಿಕೊಂಡು ಬಂದು ನಮ್ಮ ಎಂಜಿನಿಯರುಗಳ ಕಿವಿಗೆ ಹಾಕುವುದು. ಹಿಂದೆ ಈ ಕೆಲಸಕ್ಕೆ ಇವಾಂಜೆಲಿಸ್ಟ್, ಅಂದರೆ ಮತಪ್ರಚಾರಕ ಎಂಬ ಹೆಸರೇ ಇತ್ತು. ಆಪಲ್‌ನ ಮ್ಯಾಕಿಂಟೋಷ್ ಬಂದ ದಿನಗಳಲ್ಲಿ ಗೈ ಕವಾಸಾಕಿ ಆ ಹೆಸರನ್ನು ಪ್ರಸಿದ್ಧಗೊಳಿಸಿದರು. ಆ ಹೆಸರಿಗಿಂತ ವಕೀಲ ಎಂಬ ತಪ್ಪು ತಿಳಿವಳಿಕೆಯೇ ವಾಸಿ. ವಕೀಲರಿಗೆ ಕಕ್ಷಿದಾರರಾದರೂ ಇರುತ್ತಾರೆ.

ಕಾರ್ಯಾಗಾರಗಳಲ್ಲಿ ನಾವು ಶುರು ಮಾಡುವುದು ಅಂಚೆ ಕಚೇರಿಯಿಂದ. ಮಗನ ಕಾಗದಕ್ಕೆ ಕಾಯುತ್ತಿರುವ ತಾಯಿ ಅರ್ಧ ಗಂಟೆಗೊಮ್ಮೆ ಅಂಚೆ ಕಚೇರಿಗೆ ಹೋಗಿ "ಬಂತಾ?" ಎಂದು ಕೇಳಿ ಬರಿಗೈಯಲ್ಲಿ ಬರುತ್ತಾಳೆ. ಅದು ಪೋಲಿಂಗ್. ಓಡಾಟ ಸಾಕಾಗಿ ಅಲ್ಲೇ ಬೆಂಚಿನ ಮೇಲೆ ಕುಳಿತು, ಕಾಗದ ಬಂದ ಮೇಲೆಯೇ ಎದ್ದು, ಮನೆಗೆ ಹೋಗಿ ಮತ್ತೆ ಬಂದು ಕುಳಿತರೆ ಅದು ಲಾಂಗ್ ಪೋಲಿಂಗ್. ಇಂಥ ಉಪಾಯಗಳಿಗೆಲ್ಲ ಸೇರಿಸಿ 2006ರಲ್ಲಿ ಅಲೆಕ್ಸ್ ರಸೆಲ್ 'ಕಾಮೆಟ್' ಎಂದು ಹೆಸರಿಟ್ಟರು. ಮಗನಿಗೆ ಫೋನ್ ಮಾಡಿ ಎರಡೂ ಕಡೆ ಕೆಳಗಿಡದೆ ಹಾಗೇ ಇಟ್ಟುಕೊಂಡರೆ, ಯಾರಿಗೆ ಯಾವಾಗ ಬೇಕಾದರೂ ಮಾತಾಡಬಹುದು. ಅದು ವೆಬ್‌ಸಾಕೆಟ್. 2008ರಲ್ಲಿ ಹುಟ್ಟಿದ ಯೋಚನೆ, 2011ರ ಡಿಸೆಂಬರಿನಲ್ಲಿ ಆರ್‌ಎಫ್‌ಸಿ 6455 ಎಂಬ ಅಧಿಕೃತ ದಾಖಲೆಯಾಯಿತು. ಇಲ್ಲಿಗೆ ಬರುವಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ. ಆಗ ನಾವು ಡೆಮೊ ತೋರಿಸುತ್ತೇವೆ.

ಆ ಡೆಮೊ ಬಗ್ಗೆಯೇ ಈ ಬರಹ.

ಮೊದಲು ಎಲ್ಲರಂತೆ ನಾವೂ ಚಾಟ್ ತೋರಿಸುತ್ತಿದ್ದೆವು. ಬೇಜಾರು ಬಂತು. ಅಡಿಕೆ ನಾಡಿನಿಂದ ಬಂದವರಲ್ಲವೇ, ಪೇಟೆ ಧಾರಣೆಯ ಬೋರ್ಡು ಮಾಡಿದೆವು. ಒಂದು ಫೋನಿನಲ್ಲಿ ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು ಎಂದು ದರ ತುಂಬಿದರೆ ಸಭೆಯಲ್ಲಿರುವ ಎಲ್ಲರ ಫೋನಿನಲ್ಲೂ ಆ ಕ್ಷಣವೇ ಬದಲಾಗುತ್ತದೆ. ಮೇಲೆ ಬಲ ಮೂಲೆಯಲ್ಲಿ ಒಂದು ಹಸಿರು ಚುಕ್ಕಿ, ಪಕ್ಕದಲ್ಲಿ 'ಲೈವ್' ಎಂಬ ಅಕ್ಷರ. ಇಡೀ ಕೋಡ್ 40 ಸಾಲು, ಒಂದೇ ಸ್ಲೈಡಿನಲ್ಲಿ ಹಿಡಿಯುತ್ತದೆ. "ನಲವತ್ತೇ ಸಾಲು!" ಎಂದು ನಾವು ಹೇಳುವಾಗ ಚಪ್ಪಾಳೆ ಬೀಳುತ್ತಿತ್ತು. ಅದನ್ನು ನಿರೀಕ್ಷಿಸಿ ಸ್ವಲ್ಪ ನಿಲ್ಲಿಸಿಯೂ ಹೇಳುತ್ತಿದ್ದೆವು.

ಮಲೆನಾಡಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಇದನ್ನು ನೋಡಿದ ಒಬ್ಬ ವಿದ್ಯಾರ್ಥಿ ಕೋಡನ್ನು ಹಾಗೇ ತೆಗೆದುಕೊಂಡು ತನ್ನೂರಿನ ಕಡೆಯ ಮಾರುಕಟ್ಟೆಗೆ ನಿಜವಾದ ಬೋರ್ಡು ಮಾಡಿದ. ಅಲ್ಲಿನ ಸಹಕಾರಿ ಸಂಘದ ಗುಮಾಸ್ತರೊಬ್ಬರನ್ನು ಒಪ್ಪಿಸಿದ. ಟೆಂಡರ್ ಆದ ಕೂಡಲೇ ಅವರು ತಮ್ಮ ಫೋನಿನಲ್ಲಿ ದರ ತುಂಬುತ್ತಿದ್ದರು. ಸುತ್ತಲಿನ ಹಳ್ಳಿಗಳಲ್ಲಿ ನೂರಿನ್ನೂರು ಮನೆಗಳಲ್ಲಿ ಅದನ್ನು ನೋಡತೊಡಗಿದರು. ನಮಗೆ ಹೆಮ್ಮೆ. ಅವನ ಬಗ್ಗೆ ಕಂಪನಿಯ ಜಾಲತಾಣದಲ್ಲಿ ಬರೆದೆವು, ಭಾಷಣಗಳಲ್ಲಿ ಅವನ ಬೋರ್ಡಿನ ಚಿತ್ರ ಹಾಕಿದೆವು. ಪತ್ರಿಕೋದ್ಯಮ ಓದಿದ್ದು ವ್ಯರ್ಥವಾಗಲಿಲ್ಲ, ರೈತರಿಗೆ ನೇರ ಸುದ್ದಿ ಮುಟ್ಟಿಸುತ್ತಿದ್ದೇವೆ ಎಂದು ನಮ್ಮ ಮೇಷ್ಟ್ರಿಗೆ ಫೋನ್ ಮಾಡಿಯೂ ಹೇಳಿದ್ದೆವು.

ಜೂನ್ ತಿಂಗಳ ಒಂದು ಸೋಮವಾರ ರಾತ್ರಿ ಆ ಹುಡುಗನ ಫೋನ್ ಬಂತು. ದನಿ ಸಣ್ಣಗಿತ್ತು. "ಅಕ್ಕಾ, ಒಂದು ತಪ್ಪಾಗಿದೆ."

ಜೂನ್ ಎಂದರೆ ಅಡಿಕೆ ತೋಟದವರಿಗೆ ಖರ್ಚಿನ ತಿಂಗಳು. ಮಳೆ ಹಿಡಿಯುವುದರೊಳಗೆ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಸಬೇಕು. ಮೈಲುತುತ್ತಕ್ಕೆ ದುಡ್ಡು, ಸುಣ್ಣಕ್ಕೆ ದುಡ್ಡು, ಎಲ್ಲಕ್ಕಿಂತ ಹೆಚ್ಚು ಮರ ಹತ್ತುವವರ ಕೂಲಿಗೆ ದುಡ್ಡು. ಹಾಗಾಗಿ ಉಳಿಸಿಟ್ಟ ಅಡಿಕೆಯನ್ನು ಈಗ ಬಿಡುತ್ತಾರೆ. ಒಂದೂವರೆ ಎಕರೆ ತೋಟದ ಒಬ್ಬರ ಮನೆಗೆ ಅಂದು ಸಂಜೆ ವ್ಯಾಪಾರಿ ಬಂದಿದ್ದ. ಇವರು ಫೋನ್ ತೆಗೆದು ಬೋರ್ಡು ನೋಡಿದರು. ಹಸಿರು ಚುಕ್ಕಿ ಇತ್ತು, ಲೈವ್ ಎಂದಿತ್ತು. ವ್ಯಾಪಾರಿ ಹೇಳಿದ ದರ ಬೋರ್ಡಿನ ದರಕ್ಕಿಂತ ನೂರು ರೂಪಾಯಿ ಜಾಸ್ತಿಯೇ ಇತ್ತು. 6 ಕ್ವಿಂಟಲ್ ತೂಗಿ ಕೊಟ್ಟರು. ರಾತ್ರಿ ನೆಂಟರೊಬ್ಬರು ಫೋನ್ ಮಾಡಿ, ಅಂದು ಮಧ್ಯಾಹ್ನದ ಟೆಂಡರಿನಲ್ಲಿ ಬೆಲೆ ಏರಿದ ಸುದ್ದಿ ಹೇಳಿದರು. ಇವರು ಮಾರಿದ್ದಕ್ಕಿಂತ ಕ್ವಿಂಟಲಿಗೆ 1,100 ರೂಪಾಯಿ ಹೆಚ್ಚು. ಬೋರ್ಡು ತೋರಿಸುತ್ತಿದ್ದದ್ದು ಶನಿವಾರದ ಧಾರಣೆ.

6,600 ರೂಪಾಯಿ. ನಮ್ಮ ಕಂಪನಿ ಒಂದು ಮೀಟಪ್‌ನ ಪಿಜ್ಜಾಕ್ಕೆ ಇದಕ್ಕಿಂತ ಹೆಚ್ಚು ಕೊಡುತ್ತದೆ.

ಮೊದಲು ನಮಗೆ ಬಂದ ಯೋಚನೆ, ಹುಡುಗ ಏನೋ ಕೆಡಿಸಿರಬೇಕು ಎಂಬುದು. ಅದನ್ನು ಮುಚ್ಚಿಡುವುದಿಲ್ಲ. ಆ ರಾತ್ರಿ ಎರಡು ಗಂಟೆಯವರೆಗೆ ಲಾಗ್‌ಗಳನ್ನು ಕೆದಕಿದೆವು. ಅವನು ಏನನ್ನೂ ಕೆಡಿಸಿರಲಿಲ್ಲ. ನಮ್ಮ 40 ಸಾಲನ್ನು ಚಾಚೂ ತಪ್ಪದೆ ನಕಲು ಮಾಡಿದ್ದ, ಅಷ್ಟೇ.

ನಡೆದದ್ದು ಹೀಗೆ. ಬೆಳಿಗ್ಗೆ ಗುಮಾಸ್ತರು ಬೋರ್ಡು ತೆರೆದಾಗ ಸಂಪರ್ಕ ಚೆನ್ನಾಗಿಯೇ ಇತ್ತು. ಮಧ್ಯಾಹ್ನ ಗಾಳಿಮಳೆಗೆ ಕರೆಂಟು ಹೋಯಿತು. ಸ್ವಲ್ಪ ಹೊತ್ತಿನಲ್ಲಿ ಮೊಬೈಲ್ ಟವರಿನ ಬ್ಯಾಟರಿಯೂ ಮುಗಿಯುತ್ತಾ ಬಂತು. ಈ ಹಂತದ ನೆಟ್‌ವರ್ಕನ್ನು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ: ಕಡ್ಡಿ ಕಾಣುತ್ತದೆ, ಏನೂ ಹೋಗುವುದಿಲ್ಲ. ವೆಬ್‌ಸಾಕೆಟ್ ಕೂತಿರುವುದು ಟಿಸಿಪಿ ಮೇಲೆ. ತಂತಿ ಸದ್ದಿಲ್ಲದೆ ಸತ್ತಾಗ ಅದು ಸತ್ತಿತೆಂದು ಟಿಸಿಪಿಗೆ ಕೂಡಲೇ ಗೊತ್ತಾಗುವುದಿಲ್ಲ. ಕಳಿಸಿ, ಉತ್ತರಕ್ಕೆ ಕಾದು, ಮತ್ತೆ ಕಳಿಸಿ, ಇನ್ನೂ ಹೆಚ್ಚು ಕಾದು, ಹೀಗೆ ಎಷ್ಟೋ ನಿಮಿಷಗಳ ಮೇಲೆ ಕೈಚೆಲ್ಲುತ್ತದೆ. ಅಷ್ಟರಲ್ಲಿ ಗುಮಾಸ್ತರು ಟೆಂಡರಿನ ದರಗಳನ್ನೆಲ್ಲ ತುಂಬಿ 'ಕಳಿಸು' ಒತ್ತಿ ಊಟಕ್ಕೆ ಹೋಗಿದ್ದರು. ಬ್ರೌಸರಿನಲ್ಲಿ ಸೆಂಡ್ ಎಂದು ಕೊಟ್ಟ ಆಜ್ಞೆ ಸಂದೇಶವನ್ನು ಕಳಿಸುವ ಸಾಲಿಗೆ ಸೇರಿಸಿ ಸುಮ್ಮನಾಗುತ್ತದೆ. ಮುಟ್ಟಿತೋ ಇಲ್ಲವೋ ಹೇಳುವ ಹೊಣೆ ಅದರದ್ದಲ್ಲ. ಕೊನೆಗೆ ಸಂಪರ್ಕ ಮುರಿದಾಗ ಸಾಲಿನಲ್ಲಿದ್ದ ದರಗಳು ಹೋದವು. ಆಮೇಲೆ ಟವರ್ ಎದ್ದಿತು, ನಮ್ಮ ಲೈಬ್ರರಿ ತಾನಾಗಿ ಮರುಸಂಪರ್ಕ ಮಾಡಿಕೊಂಡಿತು, ಗುಮಾಸ್ತರ ಫೋನಿನಲ್ಲಿ ಮತ್ತೆ ಹಸಿರು ಚುಕ್ಕಿ.

ಅತ್ತ ರೈತರ ಫೋನಿನಲ್ಲಿ ಸಂಪರ್ಕ ಪೂರ್ತಿ ಸರಿಯಾಗಿತ್ತು. ಅಲ್ಲಿನ ಹಸಿರು ಚುಕ್ಕಿ ಸುಳ್ಳು ಹೇಳುತ್ತಿರಲಿಲ್ಲ. ಆದರೆ ಅದು ಹೇಳುತ್ತಿದ್ದದ್ದು ತಂತಿ ಜೀವಂತವಿದೆ ಎಂದು ಮಾತ್ರ. ಓದುವವರು ಅರ್ಥ ಮಾಡಿಕೊಂಡದ್ದು ಸುದ್ದಿ ಇವತ್ತಿನದು ಎಂದು. ಲೈವ್ ಎಂದು ಬರೆದಿಟ್ಟವರು ನಾವೇ ಅಲ್ಲವೇ, ಬೇರೆ ಹೇಗೆ ಅರ್ಥ ಮಾಡಿಕೊಳ್ಳಬೇಕಿತ್ತು?

ಇದರಲ್ಲಿ ನಮಗೆ ಹೆಚ್ಚು ಚುಚ್ಚಿದ್ದು ಎರಡು ಸಂಗತಿ. ಸಂದೇಶ ಸರ್ವರಿಗೆ ಮುಟ್ಟಿತು ಎಂಬ ಸ್ವೀಕೃತಿ ಪಡೆಯುವ ಸೌಲಭ್ಯ ನಮ್ಮ ಸೇವೆಯಲ್ಲಿ ಇತ್ತು. ಮೊದಲ ಕರಡಿನಲ್ಲಿ ಅದನ್ನು ಹಾಕಿಯೂ ಇದ್ದೆವು. ಆಗ ಕೋಡ್ 65 ಸಾಲಾಗಿ ಸ್ಲೈಡಿನಿಂದ ಹೊರಗೆ ಹೋಗುತ್ತಿತ್ತು. ತೆಗೆದವರು ನಾವೇ. ಎರಡನೆಯದು, ಬೋರ್ಡಿನ ಮೇಲೆ ದಿನಾಂಕವೇ ಇರಲಿಲ್ಲ. ಆ ಕ್ಷಣವೇ ಬದಲಾಗುವ ಬೋರ್ಡಿಗೆ ದಿನಾಂಕ ಯಾಕೆ ಎಂದು ಹಾಕಿರಲಿಲ್ಲ. ಮೊದಲ ವರ್ಷದ ಮೊದಲ ತಿಂಗಳಿನಲ್ಲಿ ನಮ್ಮ ಮೇಷ್ಟ್ರು ಡೇಟ್‌ಲೈನ್ ಇಲ್ಲದ ವರದಿಗಳನ್ನು ಓದದೆಯೇ ವಾಪಸ್ ಎಸೆಯುತ್ತಿದ್ದದ್ದು ನಿಮ್ಮಲ್ಲಿ ಕೆಲವರಿಗೂ ನೆನಪಿರಬಹುದು. ಆಕಾಶವಾಣಿಯಲ್ಲಿ ಪೇಟೆ ಧಾರಣೆ ಓದುವವರು ಇಂದಿನದು ಎಂದು ಹೇಳಿಯೇ ಮುಂದುವರಿಯುತ್ತಾರೆ. ಪತ್ರಿಕೆಯ ಧಾರಣೆಯ ಅಂಕಣಕ್ಕೂ ದಿನ ಇರುತ್ತದೆ, ನಿನ್ನೆಯದಾದರೂ ನಿನ್ನೆಯದೆಂದು ಗೊತ್ತಾಗುತ್ತದೆ. ಹಳೆಯ ಮಾಧ್ಯಮಗಳು ನಿಧಾನ ಎಂದು ಭಾಷಣ ಮಾಡುತ್ತಿದ್ದ ನಾವು ಅವುಗಳಿಗಿಂತ ಹಳೆಯ ಸುದ್ದಿಯನ್ನು ಹಸಿರು ಬಣ್ಣ ಬಳಿದು ಕೊಟ್ಟಿದ್ದೆವು.

ಆ ವಾರವೇ ಇಬ್ಬರೂ ಬಸ್ಸು ಹತ್ತಿದೆವು. ಆ ರೈತರ ಮನೆಗೆ ಹುಡುಗನೂ ಬಂದ, ಬಾಗಿಲ ಹೊರಗೇ ನಿಂತಿದ್ದ. ಒಳಗೆ ಕರೆದು ಚಾಪೆ ಹಾಕಿ ಕೋಕಂ ಪಾನಕ ಕೊಟ್ಟರು. ತಪ್ಪು ಅವನದಲ್ಲ, ನಮ್ಮದು ಎಂದು ಹೇಳಿದೆವು. ಟಿಸಿಪಿ ಪುರಾಣ ತೆಗೆಯಲಿಲ್ಲ. ಅವರು ಕೇಳಿದ್ದು ಒಂದೇ: "ಹಸಿರು ದೀಪ ಉರೀತಾ ಇತ್ತಲ್ಲ ತಮ್ಮಾ, ಮತ್ತೆ ಅದು ಯಾಕೆ ಇರೋದು?" ಉತ್ತರ ಇರಲಿಲ್ಲ. 6,600 ರೂಪಾಯಿಯ ಲಕೋಟೆಯನ್ನು ಮುಂದಿಟ್ಟೆವು. ಬೇಡ ಎನ್ನುತ್ತಾರೆ, ಒತ್ತಾಯ ಮಾಡಬೇಕು ಎಂದು ದಾರಿಯಲ್ಲಿ ಮಾತಾಡಿಕೊಂಡಿದ್ದೆವು. ಅವರು ತೆಗೆದುಕೊಂಡು, ಎಣಿಸಿ, ಒಳಗೆ ಹೋಗಿ ಇಟ್ಟು ಬಂದರು. ನಿರಾಳವಾಯಿತು. ಜೊತೆಗೆ, ಯಾಕೋ, ಸ್ವಲ್ಪ ಪೆಚ್ಚೂ ಆದೆವು. ಅವರ ದುಡ್ಡು ಅವರು ತೆಗೆದುಕೊಂಡರೆ ನಮಗೇಕೆ ಪೆಚ್ಚು ಎಂದು ವಾಪಸ್ ಬರುವಾಗ ಬಸ್ಸಿನಲ್ಲಿ ಇಬ್ಬರೂ ನಕ್ಕೆವು.

ಅಂದು ಆ ಬೋರ್ಡು ನೋಡಿ ಇನ್ನೂ ಎಷ್ಟು ಜನ ಮಾರಿದ್ದರೋ. ಹುಡುಗ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿದ. ಯಾರೂ ಮುಂದೆ ಬರಲಿಲ್ಲ.

ಬೆಂಗಳೂರಿಗೆ ಬಂದ ಮೇಲೆ ಶುರುವಾದದ್ದು ಬೇರೆಯೇ ಜಗಳ. ಸ್ಯಾಂಪಲ್ ಕೋಡ್ ಸರಿಪಡಿಸಲು ಯಾರ ತಕರಾರೂ ಇರಲಿಲ್ಲ. ನಾವು ಬರೆದ ವಿವರಣೆಯನ್ನು ಪ್ರಕಟಿಸಲು ಮಾತ್ರ ನಮ್ಮ ಮ್ಯಾನೇಜರ್ ಒಪ್ಪಲಿಲ್ಲ. "ಸದ್ದಿಲ್ಲದೆ ಸರಿ ಮಾಡಿ. ನಮ್ಮ ಸೇವೆಯಲ್ಲಿ ದೋಷ ಇಲ್ಲ, ಮಾದರಿಯಲ್ಲಿ ಒಂದು ಅಂಶ ಬಿಟ್ಟುಹೋಗಿದೆ ಅಷ್ಟೇ. ಸಂದೇಶ ಕಳೆದುಹೋಯಿತು ಎಂದು ನೀವೇ ಬರೆದರೆ ಪ್ರತಿಸ್ಪರ್ಧಿಗಳು ಅದನ್ನೇ ಹಿಡಿದು ತೋರಿಸುತ್ತಾರೆ." ಮಾತು ಪೂರ್ತಿ ತಪ್ಪೂ ಅಲ್ಲ. ಆದರೆ ಪತ್ರಿಕೆಯಲ್ಲಿ ತಪ್ಪು ಮುದ್ರಣವಾದರೆ ಮರುದಿನ ತಿದ್ದುಪಡಿ ಹಾಕಬೇಕು, ಆದಷ್ಟು ಅದೇ ಪುಟದಲ್ಲಿ, ಎಂದು ಕಲಿತವರು ನಾವು. ಸದ್ದಿಲ್ಲದೆ ಸರಿ ಮಾಡಿದರೆ ಹಳೆಯ ಮಾದರಿಯನ್ನು ಈಗಾಗಲೇ ಒಯ್ದವರಿಗೆ ಗೊತ್ತಾಗುವುದು ಹೇಗೆ? ನಮ್ಮ ಕೆಲಸದಲ್ಲಿ 'ಅಡ್ವೊಕೇಟ್' ಎಂಬ ಪದ ಯಾರ ಪರ ಎಂದು ಹೇಳುವುದಿಲ್ಲ. ಸಂಬಳ ಕೊಡುವವರು ಕಂಪನಿ. ನಂಬಿ ಕೋಡ್ ಒಯ್ಯುವವರು ಹೊರಗಿನವರು. ಅದುವರೆಗೆ ಈ ಎರಡರ ನಡುವೆ ಆರಿಸಿಕೊಳ್ಳಬೇಕಾದ ದಿನ ಬಂದಿರಲಿಲ್ಲ, ಹಾಗಾಗಿ ಎರಡೂ ಒಂದೇ ಎಂದುಕೊಂಡಿದ್ದೆವು.

ಮೂರು ವಾರದ ಎಳೆದಾಟದ ಕೊನೆಗೆ ಬದಲಾವಣೆಗಳ ಪಟ್ಟಿಯಲ್ಲಿ ಒಂದು ಸಾಲು ಸಿಕ್ಕಿತು: 'ಮಾದರಿ ಸುಧಾರಿಸಲಾಗಿದೆ.' ನಾವು ಹುಟ್ಟುಗುಣ ಬಿಡಲಿಲ್ಲ. ಗಿಟ್‌ಹಬ್‌ನಲ್ಲಿ ನಮ್ಮ ಮಾದರಿಯನ್ನು ಫೋರ್ಕ್ ಮಾಡಿಕೊಂಡ ಪ್ರತಿಗಳು 211 ಇದ್ದವು. ರಾತ್ರಿ ಊಟವಾದ ಮೇಲೆ ಕುಳಿತು ಒಂದೊಂದನ್ನೂ ತೆರೆದು, ನಿಜವಾಗಿ ಬಳಕೆಯಲ್ಲಿರುವಂತೆ ಕಂಡವರಿಗೆಲ್ಲ ನಮ್ಮ ಹೆಸರಿನಲ್ಲಿ ಬರೆದೆವು: ಈ ಮಾದರಿಯಲ್ಲಿ ನಾವು ತಪ್ಪು ಮಾಡಿದ್ದೇವೆ, ಹೀಗೆ ಸರಿಪಡಿಸಿಕೊಳ್ಳಿ. ಹದಿನೈದು ದಿನ ಹಿಡಿಯಿತು. ಕೆಲವರು ಸ್ಪ್ಯಾಮ್ ಎಂದು ಮುಚ್ಚಿದರು. ಬಹುತೇಕರು ಉತ್ತರಿಸಲಿಲ್ಲ. ಒಬ್ಬರು ಅದನ್ನು ಆಸ್ಪತ್ರೆಯ ಟೋಕನ್ ಬೋರ್ಡಿಗೆ ಬಳಸಿದ್ದರಂತೆ. ಅವರ ಉತ್ತರ ಓದಿದ ರಾತ್ರಿ ನಮಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮ್ಯಾನೇಜರಿಗೆ ಗೊತ್ತಾದಾಗ ಬೈಗುಳ ಬಿತ್ತು, ಕೆಲಸ ಹೋಗಲಿಲ್ಲ. ಆ ವರ್ಷದ ಸಂಬಳದ ಏರಿಕೆ ಸಣ್ಣದಿತ್ತು. ಎರಡಕ್ಕೂ ಸಂಬಂಧ ಇದೆಯೋ ಇಲ್ಲವೋ ಕೇಳಲಿಲ್ಲ.

ದುರಸ್ತಿ ಮಾಡುವಾಗ ನಾವೂ ಕಲಿತೆವು. ಸರ್ವರಿನಿಂದ ಒಮ್ಮುಖವಾಗಿ ಸುದ್ದಿ ಹರಿಸುವ ಸರ್ವರ್‌ ಸೆಂಟ್ ಈವೆಂಟ್ಸ್ ಎಂಬ ಸರಳ ವಿಧಾನವೊಂದಿದೆ. ಅದರಲ್ಲಿ ಸಂಪರ್ಕ ಕಡಿದು ಮತ್ತೆ ಕೂಡಿದಾಗ ಬ್ರೌಸರು ತಾನು ಕೊನೆಗೆ ಪಡೆದ ಸಂದೇಶದ ಗುರುತನ್ನು ತಾನೇ ಹೇಳುತ್ತದೆ, ಅಲ್ಲಿಂದ ಮುಂದಿನದನ್ನು ಸರ್ವರ್ ಕೊಡಬಹುದು. ವೆಬ್‌ಸಾಕೆಟ್‌ನಲ್ಲಿ ಆ ಏರ್ಪಾಡು ಇಲ್ಲ, ನಾವೇ ಕಟ್ಟಿಕೊಳ್ಳಬೇಕು. ಜೀವ ಇದೆಯೇ ಎಂದು ಕೇಳುವ ಪಿಂಗ್-ಪಾಂಗ್ ಆರ್‌ಎಫ್‌ಸಿಯಲ್ಲೇ ಇದೆ, ಆದರೆ ಬ್ರೌಸರಿನ ಜಾವಾಸ್ಕ್ರಿಪ್ಟ್‌ನಿಂದ ಪಿಂಗ್ ಕಳಿಸಲು ಬರುವುದಿಲ್ಲ. ನಮಗೆ ತುಂಬಾ ಹಿಡಿಸಿದ್ದು ಎಂಕ್ಯೂಟಿಟಿ. 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಅರ್ಲೆನ್ ನಿಪ್ಪರ್ ಇಬ್ಬರೂ ಸೇರಿ ತೈಲದ ಕೊಳವೆಗಳ ಮೇಲೆ ಉಪಗ್ರಹದ ಮೂಲಕ ನಿಗಾ ಇಡಲೆಂದು ಮಾಡಿದ್ದು. ಸಂಪರ್ಕ ಸಿಗುವುದೇ ಕಷ್ಟ ಎಂದುಕೊಂಡೇ ಕಟ್ಟಿದ ಪದ್ಧತಿ ಅದು. ಅಲ್ಲಿ ಸಂಪರ್ಕಕ್ಕೆ ಬರುವವರು ಮೊದಲೇ ಒಂದು ಉಯಿಲು ಬರೆದಿಡಬಹುದು, ಅದರ ಹೆಸರೇ ಲಾಸ್ಟ್ ವಿಲ್: ನಾನು ಹೇಳದೆ ಕೇಳದೆ ಸತ್ತರೆ ನನ್ನ ಪರವಾಗಿ ಎಲ್ಲರಿಗೂ ಈ ಸುದ್ದಿ ತಿಳಿಸಿ. ಪಹಣಿಯ ಚೀಲ ಹಿಡಿದು ಬಂದಿದ್ದ ಅಜ್ಜನಿಗೆ ಇದನ್ನು ಹೇಳಬೇಕೆಂದಿದ್ದೆವು. ಅಷ್ಟರಲ್ಲಿ ಅವರು ಸಿದ್ದಾಪುರಕ್ಕೆ ಹೋಗಿ ನಿಜವಾದ ವಕೀಲರಿಂದಲೇ ಬರೆಸಿಯಾಗಿತ್ತು.

ಆ ಹುಡುಗ ಬೋರ್ಡು ಮುಚ್ಚುತ್ತೇನೆ ಎಂದಿದ್ದ. ನಾವು ಒತ್ತಾಯ ಮಾಡಲಿಲ್ಲ, ಮಾಡುವ ಮುಖ ಇರಲಿಲ್ಲ. ಮಳೆಗಾಲ ಮುಗಿದ ಮೇಲೆ ಅವನೇ ಮತ್ತೆ ತೆಗೆದ. ಈಗ ಹಸಿರು ಚುಕ್ಕಿ ಇಲ್ಲ. ಪ್ರತಿ ದರದ ಕೆಳಗೆ ವಾರ, ದಿನಾಂಕ, ಗಂಟೆ, ತುಂಬಿದವರ ಹೆಸರು ಇದೆ. ಮಾರುಕಟ್ಟೆಯ ಹೊತ್ತಿನಲ್ಲಿ ಒಂದು ಗಂಟೆ ಹೊಸ ಸುದ್ದಿ ಬರದಿದ್ದರೆ ದರ ಬೂದು ಬಣ್ಣಕ್ಕೆ ತಿರುಗಿ, 'ಫೋನ್ ಮಾಡಿ ಕೇಳಿ' ಎಂಬ ಸಾಲು, ಅದರ ಪಕ್ಕ ಸಂಘದ ನಂಬರು ಬರುತ್ತದೆ. ಕೋಡ್ ಈಗ 130 ಸಾಲು ದಾಟಿದೆ. ಯಾವ ಸ್ಲೈಡಿನಲ್ಲೂ ಹಿಡಿಯುವುದಿಲ್ಲ. ಕಾರ್ಯಾಗಾರದಲ್ಲಿ ನಾವು ಅದನ್ನು ಮೂರು ತುಂಡು ಮಾಡಿ ತೋರಿಸುತ್ತೇವೆ. ಚಪ್ಪಾಳೆ ಬೀಳುತ್ತಿದ್ದ ಜಾಗದಲ್ಲಿ ಈಗ ಪ್ರೊಜೆಕ್ಟರಿಗೆ ಕೊಟ್ಟಿರುವ ಫೋನಿನ ಡೇಟಾವನ್ನು ಆರಿಸಿ, ಸಭೆಯಲ್ಲಿರುವವರ ಮುಖ ನೋಡುತ್ತೇವೆ.

ಕಳೆದ ತಿಂಗಳು ಆ ಕಡೆ ಹೋದಾಗ ಗುಮಾಸ್ತರನ್ನು ಕಂಡೆವು. ಬೇಸರದಲ್ಲಿದ್ದರು. "ಎಂಥದು ಮಾಡಿಟ್ಟಿದ್ದೀರಿ ಮಾರಾಯ್ರೇ? ಬೋರ್ಡು ಸ್ವಲ್ಪ ಬೂದಿ ಆಯ್ತು ಅಂದ್ರೆ ಸಾಕು, ಹತ್ತು ಜನ ಫೋನ್ ಮಾಡ್ತಾರೆ. ಊಟಕ್ಕೂ ಬಿಡೋದಿಲ್ಲ" ಎಂದರು. ಹೇಳುತ್ತಿರುವಾಗಲೇ ಅವರ ಫೋನ್ ಬಡಿದುಕೊಳ್ಳತೊಡಗಿತು.